ಗುಳಿಗೆ ಒಬ್ಬಳಿಗೆ, ಸೋಂಕು ಇಬ್ಬರಿಗೆ



ಈ ಸಂಚಿಕೆಯ ಸಂಪಾದಕೀಯ ಯಾವ ವಿಷಯದ ಮೇಲೆ ಇರಬೇಕು ಎಂದು ಕೂತು ಮಾತಾಡುವಾಗ ನಮ್ಮೊಳಗೇ ಒಂದು ಜಗಳವಾಯಿತು. ವರದಕ್ಷಿಣೆ, ಹೊಡೆತ, ಸೀಮೆಎಣ್ಣೆ, ಬಾವಿ ಇವುಗಳ ಬಗ್ಗೆ ಬರೆಯುವ ಪತ್ರಿಕೆಯಲ್ಲಿ ಬಿಳಿ ಮುಟ್ಟಿನ ಮಾತು ಸಂಪಾದಕೀಯಕ್ಕೇಕೆ, ಅದನ್ನು ಆರೋಗ್ಯದ ಪುಟಕ್ಕೆ ಹಾಕಿದರಾಗದೇ ಎಂದು ಒಬ್ಬ ಗೆಳತಿ ಕೇಳಿದರು. ಪ್ರಶ್ನೆ ತಪ್ಪೇನಲ್ಲ. ನಾವೂ ಬಹಳ ಕಾಲ ಹಾಗೆಯೇ ಅಂದುಕೊಂಡಿದ್ದೆವು. ಹೆಂಗಸಿನ ಮೈಮೇಲಿನ ಬಾಸುಂಡೆಯನ್ನು ದೌರ್ಜನ್ಯ ಎಂದೆವು, ಅವಳ ಗರ್ಭಕೋಶದ ಬಾಯಿಯ ಹುಣ್ಣನ್ನು ಕಾಯಿಲೆ ಎಂದೆವು. ಎರಡನ್ನೂ ಬೇರೆ ಬೇರೆ ಕಡತದಲ್ಲಿಟ್ಟೆವು. ಶೃಂಗೇರಿ ತಾಲ್ಲೂಕಿನ ಬೇಗಾರಿನ ಕಡೆಯ ಒಂದು ಸ್ವಸಹಾಯ ಸಂಘದ ಲೆಕ್ಕದ ಪುಸ್ತಕವನ್ನು ನೋಡಿದ ಮೇಲೆ ಈ ವಿಂಗಡಣೆ ಸರಿಯಿಲ್ಲ ಎಂದು ನಮಗೆ ಅನಿಸಿತು.

ಅದು ಮಳೆಗಾಲ. ಉಳಿತಾಯದ ಹಣ ಎಣಿಸಿಯಾಗಿತ್ತು, ಕಂತು ಬರೆದಾಗಿತ್ತು. ಒಬ್ಬ ಸದಸ್ಯೆ ಸಾಲ ಕೇಳಿದರು. ಯಾತಕ್ಕೆ ಎಂದರೆ ‘ಆಸ್ಪತ್ರೆಗೆ’ ಎಂದರು. ಪುಸ್ತಕ ಬರೆಯುವ ಹುಡುಗಿ ಹಿಂದಿನ ಹಾಳೆಗಳನ್ನು ತಿರುವಿ ನೋಡಿದಳು. ಮೂರು ವರ್ಷದಲ್ಲಿ ಅದೇ ಹೆಸರು, ಅದೇ ಕಾರಣ, ಇದು ನಾಲ್ಕನೆಯ ಸಲ. ‘ಎಂತ ಅಕ್ಕ, ಇನ್ನೂ ವಾಸಿಯಾಗಿಲ್ವಾ?’ ಎಂದು ಕೇಳಿದ್ದಕ್ಕೆ ಆಕೆ ತಲೆ ಎತ್ತದೆ ಹೇಳಿದರು: ‘ಗುಳಿಗೆ ತಿಂದಾಗ ನಿಲ್ತದೆ, ತಿಂಗಳಾದ ಮೇಲೆ ಮತ್ತೆ ಶುರು ಆಗ್ತದೆ. ನಾ ಎಂತ ಮಾಡ್ಲಿ?’

ಹೆಸರು ಬೇಡ, ಮನೆ ಬೇಡ. ಎರಡು ಮಕ್ಕಳಾಗಿ ಆಪರೇಷನ್ ಆದ ಹೆಂಗಸು. ವಾಸನೆಯ ಬಿಳುಪು ಹೋಗುತ್ತದೆ, ಕೆಳಹೊಟ್ಟೆ ಹಿಡಿದುಕೊಳ್ಳುತ್ತದೆ, ಅಡಿಕೆ ಸುಲಿಯಲು ಮೆಟ್ಟುಗತ್ತಿಯ ಮುಂದೆ ಕೂತರೆ ಸೊಂಟ ಏಳುವುದಿಲ್ಲ. ಗಂಡನ ಮನೆಯವರ ಮಾತು ಒಂದೇ: ಕಾಯಿಲೆಯವಳನ್ನು ನಮ್ಮ ತಲೆಗೆ ಕಟ್ಟಿದ್ದಾರೆ, ರಿಪೇರಿ ಅವರೇ ಮಾಡಿಸಲಿ. ಮೊದಲ ಸಲ ತವರಿಗೆ ಕಳಿಸಿದರು, ಅಪ್ಪ ಖರ್ಚು ಕೊಟ್ಟರು. ಎರಡನೆಯ ಸಲ ಖರ್ಚಿನ ಜತೆಗೆ ‘ಇವಳನ್ನು ಇಟ್ಟುಕೊಳ್ಳುವುದಕ್ಕೆ’ ಗಂಡನಿಗೆ ಬೈಕಿನ ಹಣವನ್ನೂ ಕೊಡಬೇಕಾಯಿತು. ಮೂರನೆಯ ಸಲ ಅಪ್ಪ ಇರಲಿಲ್ಲ, ಆಕೆ ಸಂಘದಲ್ಲಿ ಸಾಲ ತೆಗೆದರು. ಮದುವೆಯ ದಿನ ಕೊಟ್ಟದ್ದನ್ನು ಮಾತ್ರ ವರದಕ್ಷಿಣೆ ಎಂದು ಎಣಿಸುವವರಿಗೆ ಈ ಲೆಕ್ಕ ಕಾಣುವುದಿಲ್ಲ.

ಈ ಮೂರು ವರ್ಷದಲ್ಲಿ ಗಂಡನನ್ನು ಒಮ್ಮೆಯಾದರೂ ಪರೀಕ್ಷೆ ಮಾಡಿದ್ದಾರೆಯೇ? ಇಲ್ಲ. ಯಾರೂ ಕೇಳಿರಲಿಲ್ಲ, ಆಕೆಗೆ ಕೇಳುವ ಧೈರ್ಯವೂ ಇರಲಿಲ್ಲ.

ಒಬ್ಬರು ಬಾಯಿಬಿಟ್ಟ ಮೇಲೆ ಉಳಿದವರೂ ಬಿಟ್ಟರು. ಒಬ್ಬರು ಉಷ್ಣ ಎಂದರು, ಮೆಂತ್ಯ ನೆನೆಸಿ ಕುಡಿಯುತ್ತಾರಂತೆ. ಇನ್ನೊಬ್ಬರು ಆಪರೇಷನ್ ಆದ ಮೇಲೆ ಎಲ್ಲರಿಗೂ ಆಗುವುದೇ ಎಂದರು. ವಯಸ್ಸಾದವರೊಬ್ಬರು ‘ಹೆಂಗಸಾಗಿ ಹುಟ್ಟಿದ ಮೇಲೆ ಇರ್ತದೆ ಮಾರಾಯ್ತಿ’ ಎಂದು ಎಲೆಯಡಿಕೆ ಹಾಕಿಕೊಂಡರು. ಮಲೆನಾಡಿನ ಮಳೆಗಾಲದಲ್ಲಿ ಮುಟ್ಟಿನ ಬಟ್ಟೆ ಒಣಗುವುದೇ ಇಲ್ಲ, ಬಚ್ಚಲ ಹಂಡೆಯ ಹಿಂದೆ ಬಚ್ಚಿಟ್ಟು ಒಣಗಿಸಬೇಕು, ಅದರಿಂದಲೂ ತುರಿಕೆ ಬರುತ್ತದೆ ಎಂದು ಮತ್ತೊಬ್ಬರು ಹೇಳಿದರು. ಇದರಲ್ಲಿ ಸ್ವಲ್ಪ ನಿಜವಿದೆ. ಆದರೆ ಇಷ್ಟೆಲ್ಲ ಕಾರಣಗಳ ನಡುವೆ ಗಂಡನ ಹೆಸರು ಒಂದು ಸಲವೂ ಬರಲಿಲ್ಲ.

ಈಗ ಸ್ವಲ್ಪ ವಿಷಯಕ್ಕೆ ಬರೋಣ. ತಿಂಗಳ ನಡುವೆ ತೆಳ್ಳಗೆ, ವಾಸನೆಯಿಲ್ಲದೆ, ತುರಿಕೆಯಿಲ್ಲದೆ ಹೋಗುವ ಬಿಳುಪು ಕಾಯಿಲೆಯಲ್ಲ. ವಾಸನೆ, ತುರಿಕೆ, ಉರಿ, ಮೊಸರಿನಂತೆ ಗಟ್ಟಿ, ಹಳದಿ ಅಥವಾ ಹಸಿರು ಬಣ್ಣ, ಕೆಳಹೊಟ್ಟೆ ನೋವು, ಕೂಡಿದಾಗ ನೋವು ಅಥವಾ ರಕ್ತ ಇದ್ದರೆ ಅದು ಸೋಂಕಿನ ಗುರುತು. ಎಲ್ಲ ಸೋಂಕೂ ಗಂಡನಿಂದ ಬಂದದ್ದಲ್ಲ. ಯೋನಿಯೊಳಗೆ ಸಹಜವಾಗಿಯೇ ಇರುವ ಕ್ರಿಮಿಗಳ ಸಮತೋಲ ತಪ್ಪಿದರೂ ವಾಸನೆಯ ಬಿಳುಪು ಬರುತ್ತದೆ, ಬೂಷ್ಟಿನ ಸೋಂಕೂ ಹಾಗೆಯೇ. ಆದರೆ ಟ್ರೈಕೊಮೊನಾಸ್, ಗೊನೋರಿಯಾ, ಕ್ಲಮೈಡಿಯಾ, ಸಿಫಿಲಿಸ್, ಹರ್ಪಿಸ್ ಇವು ಮುಖ್ಯವಾಗಿ ಕೂಡುವುದರಿಂದ ಹರಡುವಂಥವು.

ಇವು ಒಂಟಿಯಾಗಿ ಬರುವುದು ಕಡಿಮೆ. ಡಾ. ರಾಣಿ ಬಂಗ್ ಮತ್ತು ಸಂಗಾತಿಗಳು ಮಹಾರಾಷ್ಟ್ರದ ಗಡ್‌ಚಿರೋಲಿ ಜಿಲ್ಲೆಯ ಎರಡು ಹಳ್ಳಿಗಳಲ್ಲಿ 650 ಹೆಂಗಸರನ್ನು ಪರೀಕ್ಷಿಸಿ 1989ರಲ್ಲಿ ಪ್ರಕಟಿಸಿದ ಅಧ್ಯಯನ ದೇಶವನ್ನೇ ಬೆಚ್ಚಿಬೀಳಿಸಿತು. ನೂರಕ್ಕೆ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗ ಇತ್ತು. ಸರಾಸರಿ ಲೆಕ್ಕ ಹಾಕಿದರೆ ಒಬ್ಬೊಬ್ಬರಿಗೆ 3.6 ಕಾಯಿಲೆ! ಅದಕ್ಕೆ ಮೊದಲು ಒಳಪರೀಕ್ಷೆ ಮಾಡಿಸಿಕೊಂಡಿದ್ದವರು ನೂರಕ್ಕೆ 8 ಮಂದಿ ಮಾತ್ರ. ನಮ್ಮ ರಾಜ್ಯದ್ದೇ ಬೇಕೆಂದರೆ, 2005-06ರಲ್ಲಿ ಮೈಸೂರಿನಲ್ಲಿ ಸುಮಾರು 900 ಎಳೆಯ ವಯಸ್ಸಿನ ಹೆಂಗಸರನ್ನು ಪರೀಕ್ಷಿಸಿದಾಗ ನೂರಕ್ಕೆ 17 ಮಂದಿಯಲ್ಲಿ ಒಂದಾದರೂ ಲೈಂಗಿಕ ಸೋಂಕು ಕಂಡುಬಂತು. ಒಳಗಿನ ಕ್ರಿಮಿಗಳ ಸಮತೋಲ ತಪ್ಪಿದವರಲ್ಲಿ ಟ್ರೈಕೊಮೊನಾಸ್ ಕೂಡ ಇರುವ ಸಂಭವ ಉಳಿದವರಿಗಿಂತ ಸುಮಾರು ನಾಲ್ಕು ಪಟ್ಟು, ಹರ್ಪಿಸ್ ಇರುವ ಸಂಭವ ಸುಮಾರು ಎರಡು ಪಟ್ಟು ಹೆಚ್ಚಿತ್ತು. ಒಂದು ಸೋಂಕಿನಿಂದ ಒಳಗಿನ ಕಾವಲು ಸಡಿಲವಾದರೆ ಇನ್ನೊಂದು ಒಳಗೆ ಬರುತ್ತದೆ. ಅಂಗಡಿಯವನು ಕೊಟ್ಟ ಒಂದು ಗುಳಿಗೆ ಅವುಗಳಲ್ಲಿ ಒಂದನ್ನು ಕೊಲ್ಲಬಹುದು, ಉಳಿದದ್ದು ಉಳಿಯುತ್ತದೆ.

ಗಂಡಸಿನ ಮೈಯಲ್ಲಿ ಟ್ರೈಕೊಮೊನಾಸಾಗಲಿ ಕ್ಲಮೈಡಿಯಾ ಆಗಲಿ ಎಷ್ಟೋ ಸಲ ಯಾವ ಗುರುತನ್ನೂ ತೋರಿಸುವುದಿಲ್ಲ. ಹಾಗಾಗಿ ‘ನನಗೇನೂ ಇಲ್ಲ’ ಎಂದು ಅವನು ಎದೆ ತಟ್ಟಿಕೊಂಡು ಹೇಳುತ್ತಾನೆ, ಸುಳ್ಳು ಹೇಳುತ್ತಿದ್ದೇನೆಂದು ಅವನಿಗೂ ಗೊತ್ತಿರುವುದಿಲ್ಲ. ಹೆಂಡತಿ ಗುಳಿಗೆ ತಿಂದು ಗುಣವಾಗುತ್ತಾಳೆ, ಅವನ ಬಳಿ ಮಲಗಿದ ಮೇಲೆ ಸೋಂಕು ಮತ್ತೆ ಬರುತ್ತದೆ. ಆದ್ದರಿಂದ ಇಂಥ ಸೋಂಕಿಗೆ ಔಷಧಿ ಇಬ್ಬರಿಗೂ ಒಟ್ಟಿಗೇ ಆಗಬೇಕು, ಮುಗಿಯುವ ತನಕ ಕೂಡಬಾರದು ಇಲ್ಲವೆ ನಿರೋಧ್ ಬಳಸಬೇಕು. ವೈದ್ಯರ ಬಾಯಲ್ಲಿ ಇದು ಒಂದು ವಾಕ್ಯ. ಮನೆಯಲ್ಲಿ?

ಒಂದು ಊರಲ್ಲಿ ಹೆಂಗಸೊಬ್ಬರು ಗಂಡನ ಪಾಲಿನ ಗುಳಿಗೆಯನ್ನು ಕಷ್ಟಪಟ್ಟು ಮನೆಗೆ ತಂದರು. ಇದನ್ನು ತಿನ್ನುವಾಗ ಹೆಂಡ ಕುಡಿಯಬಾರದು ಎಂದು ಹೇಳಿ ಕೊಟ್ಟಿದ್ದರು. ಆತ ಬಿಟ್ಟದ್ದು ಗುಳಿಗೆಯನ್ನು! ಕೇಳುವಾಗ ನಗು ಬರುತ್ತದೆ, ನಾವೂ ನಕ್ಕೆವು, ಆಕೆಯೂ ನಕ್ಕರು. ಆಮೇಲೆ, ‘ಏಳು ದಿನ ಹತ್ತಿರ ಬರಬೇಡಿ’ ಎಂದದ್ದಕ್ಕೆ ಬಿದ್ದ ಹೊಡೆತದ ಗುರುತನ್ನು ತೋರಿಸಿದರು. ಯಾರನ್ನು ಇಟ್ಟುಕೊಂಡಿದ್ದೀಯ ಎಂಬ ಪ್ರಶ್ನೆಯೂ ಜತೆಗೆ ಬಂದಿತ್ತು. ಬೇಡ ಎನ್ನುವ ಹಕ್ಕಿಲ್ಲದ ಮನೆಯಲ್ಲಿ ಯಾವ ಔಷಧಿಯೂ ಕೆಲಸ ಮಾಡುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನ ಹಿಂಸೆ ಅನುಭವಿಸಿದ್ದಾರೆ ಎಂದು ಹೇಳುತ್ತದೆ. ಅದೇ ಸಮೀಕ್ಷೆಯಲ್ಲಿ ನೂರಕ್ಕೆ 57 ಮಂದಿ ಹೆಂಗಸರು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರ ಲೆಕ್ಕ ಹೇಳಿಕೊಳ್ಳುವಷ್ಟೂ ಇಲ್ಲ. ಆಪರೇಷನ್ನಿನಿಂದ ಬಿಳಿ ಮುಟ್ಟು ಬರುವುದಿಲ್ಲ ಗೆಳತಿಯರೇ. ಆದರೆ ಆಪರೇಷನ್ ಆದ ಮೇಲೆ ನಿರೋಧ್ ಎಂಬ ಮಾತೇ ಮನೆಯಿಂದ ಹೊರಟುಹೋಗುತ್ತದೆ. ಮಗು ಆಗದಂತೆ ನಾಳ ಕಟ್ಟಿದ್ದಾರೆ, ಸೋಂಕಿಗೆ ಬಾಗಿಲು ತೆರೆದೇ ಇದೆ.

ಮಕ್ಕಳಾಗದವರ ಕತೆ ಇನ್ನೂ ಕೆಟ್ಟದ್ದು. ಗೊನೋರಿಯಾ, ಕ್ಲಮೈಡಿಯಾಗಳಿಗೆ ಚಿಕಿತ್ಸೆಯಾಗದಿದ್ದರೆ ಗರ್ಭನಾಳ ಮುಚ್ಚಿಹೋಗಬಹುದು. ಸೋಂಕು ತಂದವನು ಗಂಡನೇ ಆಗಿದ್ದರೂ ‘ಬಂಜೆ’ ಎನ್ನಿಸಿಕೊಳ್ಳುವವಳು ಹೆಂಡತಿ, ಎರಡನೆಯ ಮದುವೆಯೂ ಎರಡನೆಯ ವರದಕ್ಷಿಣೆಯೂ ಅವನಿಗೆ.

ಇನ್ನು ಗರ್ಭಕೋಶದ ಬಾಯಿಯ ಮಾತು. ವೈದ್ಯರು ಇದನ್ನು ಗರ್ಭಕಂಠ ಅಥವಾ ಗರ್ಭಕೊರಳು ಎನ್ನುತ್ತಾರೆ. ಇಲ್ಲಿ ಬರುವ ಕ್ಯಾನ್ಸರಿಗೆ ಮೂಲ ಎಚ್‌ಪಿವಿ ಎಂಬ ವೈರಸ್. ಈ ಸಂಬಂಧವನ್ನು ಕಂಡುಹಿಡಿದ ಜರ್ಮನಿಯ ವಿಜ್ಞಾನಿ ಹರಾಲ್ಡ್ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ವೈರಸ್ಸಿನಲ್ಲಿ ನೂರಾರು ಬಗೆಗಳಿವೆ, 16 ಮತ್ತು 18 ಎಂಬ ಎರಡು ಬಗೆಗಳೇ ಈ ಕ್ಯಾನ್ಸರಿನ ನೂರಕ್ಕೆ ಸುಮಾರು 70 ಪಾಲಿಗೆ ಕಾರಣ. ಸಂಸಾರ ಮಾಡಿದ ಬಹುಪಾಲು ಜನರಿಗೆ, ಗಂಡಸರಿಗೂ ಹೆಂಗಸರಿಗೂ, ಇದು ಯಾವಾಗಲೋ ಒಮ್ಮೆ ತಗಲುತ್ತದೆ. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನೇ ಹೋಗುತ್ತದೆ. ಕೆಲವರಲ್ಲಿ ಮಾತ್ರ ಹೋಗದೆ ಕೂತು, ಹತ್ತು ಹದಿನೈದು ವರ್ಷ ಸದ್ದಿಲ್ಲದೆ ಕೆಲಸ ಮಾಡುತ್ತದೆ. ಯಾರಲ್ಲಿ ಕೂರುತ್ತದೆ? ಎಚ್‌ಐವಿ ಇರುವ ಹೆಂಗಸರಲ್ಲಿ ಈ ಕ್ಯಾನ್ಸರಿನ ಅಪಾಯ ಆರು ಪಟ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕ್ಲಮೈಡಿಯಾದಂಥ ಬೇರೆ ಸೋಂಕುಗಳು ಜತೆಯಲ್ಲಿದ್ದರೂ ಅಪಾಯ ಹೆಚ್ಚುವುದು ಕಂಡುಬಂದಿದೆ.

ಹಾಗೆಂದು ಹೆದರಬೇಡಿ. ಬಿಳಿ ಮುಟ್ಟು ಕ್ಯಾನ್ಸರ್ ಅಲ್ಲ, ಬಿಳಿ ಮುಟ್ಟೆಲ್ಲ ಕ್ಯಾನ್ಸರಿಗೆ ತಿರುಗುವುದೂ ಇಲ್ಲ. ಅದೇ ರೀತಿ, ಬಿಳಿ ಮುಟ್ಟು ನಿಂತಿತೆಂದು ಗರ್ಭಕೋಶದ ಬಾಯಿ ಸರಿಯಾಗಿದೆ ಎಂದೂ ಅಲ್ಲ, ಏಕೆಂದರೆ ಕ್ಯಾನ್ಸರಿಗೆ ಮೊದಲ ಹಂತದಲ್ಲಿ ನೋವೂ ಇಲ್ಲ, ರಕ್ತವೂ ಇಲ್ಲ. ಮುಟ್ಟು ನಿಂತ ಮೇಲೆ ಕೆಂಪು ಕಂಡಾಗ, ಕೂಡಿದ ಮೇಲೆ ರಕ್ತ ಬಂದಾಗ ಓಡುತ್ತೇವೆ, ಅಷ್ಟರಲ್ಲಿ ಎಷ್ಟೋ ಸಲ ತಡವಾಗಿರುತ್ತದೆ. 2022ರ ಅಂದಾಜಿನಂತೆ ಭಾರತದಲ್ಲಿ ಆ ಒಂದು ವರ್ಷದಲ್ಲಿ 1.27 ಲಕ್ಷ ಹೆಂಗಸರಿಗೆ ಈ ಕ್ಯಾನ್ಸರ್ ಬಂತು, ಸುಮಾರು 80 ಸಾವಿರ ಮಂದಿ ತೀರಿಕೊಂಡರು. 2019-21ರ ಸಮೀಕ್ಷೆಯಂತೆ 30ರಿಂದ 49 ವಯಸ್ಸಿನವರಲ್ಲಿ ಒಮ್ಮೆಯಾದರೂ ಪರೀಕ್ಷೆ ಮಾಡಿಸಿಕೊಂಡವರು ದೇಶದಲ್ಲಿ ನೂರಕ್ಕೆ ಇಬ್ಬರೂ ಇರಲಿಲ್ಲ. ಮಂಗನ ಕಾಯಿಲೆ ಎಂದರೆ ನಮ್ಮ ಮಲೆನಾಡಿನ ಮನೆಮನೆಯಲ್ಲೂ ಮಾತಾಡುತ್ತಾರೆ, ಕಾಡಿಗೆ ಹೋಗುವಾಗ ಎಣ್ಣೆ ಹಚ್ಚಿಕೊಳ್ಳುತ್ತಾರೆ. ಇದರ ಬಗ್ಗೆ ಉಸಿರಿಲ್ಲ.

ಪರೀಕ್ಷೆ ಏನೂ ದೊಡ್ಡದಲ್ಲ. ಒಳಪರೀಕ್ಷೆಯ ಸಾಧನ ಇಟ್ಟು, ಗರ್ಭಕೋಶದ ಬಾಯಿಗೆ ವಿನಿಗರಿನಲ್ಲಿರುವಂಥದೇ ಆಮ್ಲದ ತೆಳುದ್ರಾವಣವನ್ನು ಹತ್ತಿಯಲ್ಲಿ ಹಚ್ಚಿ ಒಂದು ನಿಮಿಷ ಕಾಯುತ್ತಾರೆ. ಬದಲಾದ ಜಾಗವಿದ್ದರೆ ಬಿಳಿ ಕಲೆಯಾಗಿ ಕಾಣುತ್ತದೆ. ಕಲೆ ಕಂಡರೆ ಕ್ಯಾನ್ಸರ್ ಎಂದಲ್ಲ, ಇನ್ನೂ ನೋಡಬೇಕು ಎಂದರ್ಥ. ಕ್ಯಾನ್ಸರಿಗೆ ಮುಂಚಿನ ಹಂತವಾದರೆ ಅಲ್ಲಿಯಷ್ಟೇ ಸುಟ್ಟು ಅಥವಾ ತಂಪಿನಿಂದ ಕೊಂದು ಗುಣಮಾಡಬಹುದು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಿಂದ ಅಲ್ಲಿನ ಕೊಳೆಗೇರಿಗಳಲ್ಲಿ ಇದನ್ನೇ ಮಾಡಿ ನೋಡಿದರು. ಪರೀಕ್ಷೆ ಮಾಡಿದವರು ವೈದ್ಯರಲ್ಲ, ಹತ್ತನೇ ತರಗತಿ ಓದಿ ತರಬೇತಿ ಪಡೆದ ಹೆಂಗಸರು. ಸುಮಾರು ಒಂದೂವರೆ ಲಕ್ಷ ಮಂದಿಯನ್ನು ಒಳಗೊಂಡ ಆ ಅಧ್ಯಯನದಲ್ಲಿ, ಪರೀಕ್ಷೆ ನಡೆದ ಕಡೆ ಈ ಕ್ಯಾನ್ಸರಿನ ಸಾವು ನೂರಕ್ಕೆ 31ರಷ್ಟು ಕಡಿಮೆಯಾಯಿತು. ಕೇಂದ್ರ ಸರ್ಕಾರ 2016ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ 30 ದಾಟಿದ ಪ್ರತಿ ಹೆಂಗಸಿಗೂ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆ ಆಗಬೇಕು. ಎಚ್‌ಐವಿ ಇರುವವರು 25ರಿಂದಲೇ, ಇನ್ನೂ ಬೇಗ ಬೇಗ ಮಾಡಿಸಿಕೊಳ್ಳಬೇಕು.

ಅಂದರೆ ಬಿಳಿ ಮುಟ್ಟಿಗೆಂದು ಒಂದು ಸಲ ಆ ಮಂಚದ ಮೇಲೆ ಮಲಗಿದವಳಿಗೆ ಎರಡೂ ಕೆಲಸ ಆಗಬಹುದು. ಯಾವ ಯಾವ ಸೋಂಕಿದೆ ನೋಡುವುದು, ಗರ್ಭಕೋಶದ ಬಾಯಿ ಹೇಗಿದೆ ನೋಡುವುದು. ಬಾವು ಹೆಚ್ಚಿದ್ದರೆ ಮೊದಲು ಸೋಂಕಿಗೆ ಮದ್ದು ಕೊಟ್ಟು ಮತ್ತೆ ಕರೆಯುತ್ತಾರೆ, ಆಗ ತಪ್ಪದೆ ಹೋಗಬೇಕು. ಬೇಗಾರಿನ ಆ ಅಕ್ಕ ಮೂರು ಸಲ ಸಾಲ ಮಾಡಿ ಹೋಗಿಬಂದರು, ಒಬ್ಬರೂ ಮಂಚದ ಮೇಲೆ ಮಲಗಿಸಿ ನೋಡಲಿಲ್ಲ. ಕುರ್ಚಿಯಲ್ಲಿ ಕೂರಿಸಿ ಚೀಟಿ ಬರೆದು ಕಳಿಸಿದ್ದರು.

ಎರಡು ಎಚ್ಚರಿಕೆಗಳು.

ಒಂದು, ಪರೀಕ್ಷೆಯ ಚೀಟಿಯೇ ಹೆಂಗಸಿನ ಮೇಲೆ ಕತ್ತಿಯಾಗಬಾರದು. ಎಚ್‌ಪಿವಿ ಇದೆ ಎಂದು ಬಂದರೆ ಅದು ಯಾರಿಂದ, ಯಾವಾಗ ಬಂತು ಎಂದು ಯಾವ ವೈದ್ಯರೂ ಹೇಳಲಾರರು, ಎಷ್ಟೋ ವರ್ಷ ಮೈಯಲ್ಲಿ ಅಡಗಿರುವ ವೈರಸ್ ಅದು. ಅದನ್ನು ಹಿಡಿದು ನಡತೆ ಅಳೆಯುವುದು ಮೂರ್ಖತನ, ಅವಳದ್ದನ್ನಾಗಲಿ ಅವನದ್ದನ್ನಾಗಲಿ. ರೋಗವಿದೆ ಎಂದು ಹೆಂಡತಿಯನ್ನು ಮನೆಯಿಂದ ಹೊರಹಾಕುವಂತಿಲ್ಲ. 2006ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯಿದೆ ಅವಳಿಗೆ ಆ ಮನೆಯಲ್ಲಿರುವ ಹಕ್ಕು ಕೊಟ್ಟಿದೆ, ಲೈಂಗಿಕ ಹಿಂಸೆಯನ್ನೂ ಹಿಂಸೆಯೆಂದೇ ಎಣಿಸಿದೆ, ಚಿಕಿತ್ಸೆಯ ಖರ್ಚನ್ನು ಗಂಡನಿಂದ ಕೊಡಿಸಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರ ಕೊಟ್ಟಿದೆ. ತವರಿನವರು ಭರಿಸಬೇಕು ಎಂಬುದು ಯಾವ ಕಾನೂನಿನಲ್ಲೂ ಇಲ್ಲ. ದೂರು ತೆಗೆದುಕೊಳ್ಳಬೇಕಾದ ರಕ್ಷಣಾಧಿಕಾರಿ ನಿಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ, ಅಂಗನವಾಡಿಯ ಮೇಲಿನವರು. ಇನ್ನು ‘ಗುಹ್ಯರೋಗ ಇದೆ, ಬಿಡುಗಡೆ ಕೊಡುತ್ತೇನೆ’ ಎಂದು ಹೆದರಿಸುವವರಿದ್ದಾರೆ. ಹಿಂದೂ ವಿವಾಹ ಕಾಯಿದೆಯಲ್ಲಿ ಅಂಟುವ ಗುಹ್ಯರೋಗ ವಿಚ್ಛೇದನಕ್ಕೆ ಒಂದು ಕಾರಣ ಎಂದು ಇದೆ, ನಿಜ. ಆದರೆ ಆ ಕಲಮು ಹೆಂಡತಿಗೂ ಅಷ್ಟೇ ಅನ್ವಯಿಸುತ್ತದೆ. ತನ್ನದೇ ತಪ್ಪಿನ ಲಾಭವನ್ನು ತಾನೇ ಪಡೆಯುವಂತಿಲ್ಲ ಎಂದೂ ಅದೇ ಕಾಯಿದೆ ಹೇಳುತ್ತದೆ. ಮದುವೆಯೊಳಗಿನ ಬಲಾತ್ಕಾರವನ್ನು ಮಾತ್ರ 2024ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ನ್ಯಾಯ ಸಂಹಿತೆಯೂ ಅತ್ಯಾಚಾರವೆಂದು ಒಪ್ಪಿಲ್ಲ. ಇದು ನಮ್ಮ ಚಳವಳಿಯ ಮುಗಿಯದ ಬಾಕಿ.

ಎರಡು, ‘ಗರ್ಭಕೋಶ ತೆಗೆದುಬಿಡಿ, ಪೀಡೆ ಕಳೆಯಲಿ’ ಎಂದು ನಾವೇ ಹೇಳುವುದುಂಟು. ಕಲಬುರಗಿ ಜಿಲ್ಲೆಯಲ್ಲಿ ಬಿಳಿ ಮುಟ್ಟು, ಹೊಟ್ಟೆನೋವು ಎಂದು ಹೋದ ಲಂಬಾಣಿ ಮತ್ತು ದಲಿತ ಹೆಂಗಸರ ಗರ್ಭಕೋಶಗಳನ್ನು ಖಾಸಗಿ ಆಸ್ಪತ್ರೆಗಳು ಕ್ಯಾನ್ಸರಿನ ಹೆದರಿಕೆ ಹುಟ್ಟಿಸಿ ತೆಗೆದದ್ದು 2015ರ ಹೊತ್ತಿಗೆ ಬಯಲಾಯಿತು, ಹೆಂಗಸರು ಬೀದಿಗಿಳಿದರು. ಬೇಡದ ಗರ್ಭಕೋಶ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟು 2023ರಲ್ಲಿ ಆದೇಶಿಸಿದೆ. ಸೋಂಕಿಗೆ ಮದ್ದು ಗುಳಿಗೆ, ಕತ್ತರಿಯಲ್ಲ. ಯಾರಾದರೂ ತೆಗೆಯಬೇಕು ಎಂದರೆ ಇನ್ನೊಬ್ಬ ವೈದ್ಯರ ಹತ್ತಿರ ಕೇಳದೆ ಒಪ್ಪಬೇಡಿ.

ಆದರೆ ಹೋಗುವುದೆಲ್ಲಿಗೆ, ಹೇಗೆ? 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಿಂತುಹೋಯಿತು, ಒಳಊರುಗಳಿಗೆ ಆ ಬಸ್ಸೇ ಗತಿಯಾಗಿತ್ತು. 2023ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ಆದರೆ ಸರ್ಕಾರಿ ಬಸ್ಸೇ ಬಾರದ ದಾರಿಯಲ್ಲಿ ಆ ಉಚಿತದಿಂದ ಏನು ಬಂತು? ಕೂಲಿ ಕಳೆದುಕೊಂಡು, ಜೀಪಿಗೆ ಕೊಟ್ಟು ತಾಲ್ಲೂಕು ಆಸ್ಪತ್ರೆ ತಲುಪಿದಾಗ ‘ಲೇಡಿ ಡಾಕ್ಟರ್ ಇವತ್ತಿಲ್ಲ’ ಎಂದರೆ ಮತ್ತೆ ಹೋಗುವ ಮನಸ್ಸು ಯಾರಿಗಿರುತ್ತದೆ? ಕಾಫಿ ತೋಟದ ಲೈನಿನಲ್ಲಿರುವ ಹೆಂಗಸಿಗೆ ಒಂದು ದಿನದ ರಜೆಯೇ ದೊಡ್ಡ ಮಾತು. ಆದ್ದರಿಂದ ಸಂಘಗಳು ಒಬ್ಬೊಬ್ಬರನ್ನು ಕಳಿಸುವ ಬದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅರ್ಜಿ ಕೊಟ್ಟು ಒಂದು ದಿನ ಗೊತ್ತು ಮಾಡಿಸಿಕೊಳ್ಳುವುದು ಒಳ್ಳೆಯದು. ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯಿರಿ: ಹೆಂಗಸು ವೈದ್ಯರು ಅಥವಾ ತರಬೇತಾದ ನರ್ಸು ಇರಬೇಕು, ಪರದೆ ಇರಬೇಕು, ಒಳಪರೀಕ್ಷೆ ಮತ್ತು ಗರ್ಭಕೊರಳಿನ ಪರೀಕ್ಷೆ ಎರಡೂ ಆಗಬೇಕು, ಗಂಡನಿಗೂ ಮದ್ದು ಕೊಡಬೇಕು, ಯಾರ ಹೆಸರನ್ನೂ ಊರಲ್ಲಿ ಆಡಬಾರದು. ಅರ್ಜಿಯ ಒಂದು ಪ್ರತಿಗೆ ಸೀಲು ಹಾಕಿಸಿ ಇಟ್ಟುಕೊಳ್ಳಿ. ಸರ್ಕಾರಿ ಆಸ್ಪತ್ರೆಗಳ ‘ಸುರಕ್ಷಾ ಕ್ಲಿನಿಕ್’ಗಳಲ್ಲಿ ಲೈಂಗಿಕ ಸೋಂಕಿನ ಔಷಧಿಗೆ ಹಣ ಕೊಡಬೇಕಾಗಿಲ್ಲ.

ಹೆಣ್ಣುಮಕ್ಕಳ ವಿಷಯವೂ ಒಂದಿದೆ. ಎಚ್‌ಪಿವಿಗೆ ಲಸಿಕೆ ಇದೆ. 9ರಿಂದ 14 ವರ್ಷದೊಳಗೆ ಕೊಟ್ಟರೆ ಹೆಚ್ಚು ಫಲ. ನಮ್ಮ ದೇಶದಲ್ಲೇ ಪುಣೆಯ ಸೀರಮ್ ಸಂಸ್ಥೆ ತಯಾರಿಸಿದ ಲಸಿಕೆಗೆ 2022ರಲ್ಲಿ ಅನುಮತಿ ಸಿಕ್ಕಿತು, ಸಿಕ್ಕಿಂ ರಾಜ್ಯ 2018ರಲ್ಲೇ ತನ್ನ ಹುಡುಗಿಯರಿಗೆಲ್ಲ ಹಾಕಲು ಶುರುಮಾಡಿತ್ತು. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ. ಮಗಳ ಮದುವೆಗೆಂದು ಆರನೇ ತರಗತಿಯಿಂದಲೇ ಚಿನ್ನದ ಚೀಟಿ ಕಟ್ಟುವ ನಾವು, ಅದೇ ವಯಸ್ಸಿಗೆ ಆಗಬೇಕಾದ ಈ ಖರ್ಚನ್ನು ದುಬಾರಿ ಎನ್ನುತ್ತೇವೆ! ಲಸಿಕೆ ಹಾಕಿಸಿಕೊಂಡವರೂ 30ರ ಮೇಲೆ ಪರೀಕ್ಷೆ ಮಾಡಿಸಬೇಕು.

ಬೇಗಾರಿನ ಸಭೆಯಲ್ಲಿ ಆ ಅಕ್ಕನಿಗೆ ಸಾಲ ಮಂಜೂರಾಯಿತು. ಒಂದು ಕರಾರು ಹಾಕಿದರು: ಜತೆಗೆ ಸಂಘದ ಇಬ್ಬರು ಹೋಗಬೇಕು, ಒಳಪರೀಕ್ಷೆ ಮಾಡಿಸದೆ ಬರಬಾರದು. ಹೋದರು. ಎರಡು ಬಗೆಯ ಸೋಂಕು ಇತ್ತು, ಅದರಲ್ಲಿ ಒಂದು ಗಂಡನಿಗೂ ಮದ್ದಾಗಬೇಕಾದದ್ದು. ಸೋಂಕು ಇಳಿದ ಮೇಲೆ ಮತ್ತೆ ಕರೆದು ಗರ್ಭಕೋಶದ ಬಾಯಿ ನೋಡಿದರು, ಕಲೆ ಇರಲಿಲ್ಲ. ಸಂಘದ ಪುಸ್ತಕದಲ್ಲಿ ಈ ಸಲ ಆ ಹುಡುಗಿ ‘ಆಸ್ಪತ್ರೆ’ ಎಂದು ಬರೆದು ಪಕ್ಕದಲ್ಲಿ ‘ಗಂಡನ ಗುಳಿಗೆ ಬಾಕಿ’ ಎಂದು ಬರೆದಿದ್ದಾಳೆ. ಆತನಿಗೆ ಮಾತು ಹೇಳಲು ಇಬ್ಬರು ಹಿರಿಯ ಸದಸ್ಯೆಯರು ಎರಡು ಸಲ ಹೋಗಿಬಂದರು. ಮೊದಲ ಸಲ ಬಾಗಿಲು ತೆಗೆಯಲಿಲ್ಲ. ಎರಡನೆಯ ಸಲ ಕೂರಲು ಹೇಳಿ, ಕಾಫಿ ಕೊಡಿಸಿ, ಅಡಿಕೆ ಕೊಯ್ಲು ಮುಗಿಯಲಿ ನೋಡೋಣ ಎಂದರಂತೆ. ಕೊಯ್ಲು ಮುಗಿದ ಮೇಲೆ ಅವರು ಮತ್ತೆ ಹೋಗುತ್ತಾರೆ.